ಶಂಖಗಿರಿಯ ಬಿಳಿಕಂಬ

“ಕೇಳಿರಪ್ಪೋ ಕೇಳಿ! ಶಂಖಗಿರಿಯ ಒಡತಿ ರಾಣಿ ಜಕ್ಕಲಾದೇವಿಯವರ ಅಪ್ಪಣೆ! ನಮ್ಮ ಗವಿ ನೋಡಲು ಯಾರು ಬೇಕಾದರೂ ಬರಬಹುದು. ನೋಡಿದ ಮೇಲೆ ರಾಣಿಯವರ ಮೂರು ಒಗಟು ಬಿಡಿಸಿದವನನ್ನು ಅವರು ಮದುವೆಯಾಗುತ್ತಾರೆ. ಮದುವೆ ಬೇಡವೆಂದರೆ ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ! ಗವಿಯ ಬಿಳಿಕಂಬವನ್ನು ಹಾಳುಮಾಡಿದ ದೀವಟಿಗೆ ಮಾಳಯ್ಯನ ತಲೆಯ ಜೊತೆಗೇ, ಬರುವ ಹುಣ್ಣಿಮೆಗೆ!”

ಹೀಗೆ ಡಂಗುರ ಹೊಡೆಸಿದ ಈ ರಾಣಿಯನ್ನು ಕಂಡರೆ ಕಥೆ ಹೇಳುವ ನನಗಾಗದು, ಮೊದಲೇ ಹೇಳಿಬಿಡುತ್ತೇನೆ. ಗವಿ ಮಾತ್ರ ಚೆಲುವು. ಸುಣ್ಣದ ಕಲ್ಲು ಮೇಲಿಂದ ಇಳಿಬಿದ್ದಿತ್ತು, ಕೆಳಗಿನಿಂದ ಎದ್ದು ನಿಂತಿತ್ತು, ನಟ್ಟನಡುವೆ ಎರಡೂ ಕೂಡಿ ಹಾಲಿನಂಥ ಕಂಬವಾಗಿತ್ತು. ಬಂದವರಿಗೆಲ್ಲ ರಾಣಿ ತಾನೇ ಮುಂದೆ ನಡೆದು “ಇದು ಆನೆಸೊಂಡಿಲು, ಇದು ದೇವಿಯ ಜಡೆ” ಎಂದು ತೋರಿಸುವಳು. ಬಂದವರು ಬಾಯಿ ಬಿಟ್ಟುಕೊಂಡು ಆಹಾ ಅನ್ನುವರು. ಬಾಯಿಬಿಡದಿದ್ದರೆ ಅವಳಿಗೆ ಸಿಟ್ಟು! ಆ ಕಂಬ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ ಬಂತು. ದೀವಟಿಗೆಯ ಹೊಗೆಯೇ ಕಾರಣವೆಂದು ಅವಳು ದೀವಟಿಗೆ ಹಿಡಿಯುವ ಮುದುಕ ಮಾಳಯ್ಯನನ್ನು ಗವಿಯೊಳಗೇ ಸರಪಳಿ ಹಾಕಿ ಕೂರಿಸಿದಳು.

ಮೊದಲು ಬಂದವನು ಮಾಂಡಲಿಕ ಕಾಳಿಂಗರಾಯ. ರಾಣಿ ಕೇಳಿದಳು: “ನನ್ನ ಮನೆಯಲ್ಲಿ ಒಬ್ಬಳು ಮೇಲಿಂದ ಇಳಿಯುತ್ತಾಳೆ, ಒಬ್ಬಳು ಕೆಳಗಿನಿಂದ ಬೆಳೆಯುತ್ತಾಳೆ. ಇಬ್ಬರನ್ನೂ ಹೆತ್ತವಳು ಒಬ್ಬಳೇ. ಅವಳಿಗೆ ಕೈಯಿಲ್ಲ, ಕಾಲಿಲ್ಲ. ಯಾರವಳು?”

“ತಮ್ಮ ಕುಲದೇವತೆ!” ಎಂದ ಮಾಂಡಲಿಕ, ಹಲ್ಲು ಕಿರಿದು. ಸರಪಳಿ ಹಾಕಿಸಿಕೊಂಡು ಮಾಳಯ್ಯನ ಪಕ್ಕಕ್ಕೆ ಬಿದ್ದ.

ಎರಡನೆಯವನು ಪಂಡಿತರ ಮಗ ವಾಮನ. ಅವನು ಮೊದಲನೆಯದನ್ನು ಬಿಡಿಸಿದ. ಎರಡನೆಯದಕ್ಕೆ ಅವನು “ಬಾವಲಿ” ಎಂದ. ಮುಗೀತು. ಅವನಿಗೂ ಸರಪಳಿ.

ಹುಣ್ಣಿಮೆಗೆ ಒಂದು ದಿನವಿರುವಾಗ ಮಾಳಯ್ಯನ ಮಗ ಬೀರ ಬಂದ. ಅವನು ಸುಣ್ಣ ಸುಡುವವನು. ಕೈ ಬಿರುಕುಬಿಟ್ಟಿತ್ತು, ಹುಬ್ಬಿನ ತುಂಬ ಸುಣ್ಣದ ಪುಡಿ.

“ನೀನು ನನ್ನನ್ನು ಮದುವೆಯಾಗಲು ಬಂದೆಯಾ?” ರಾಣಿ ಮೂಗು ಮುರಿದಳು.

“ಅಯ್ಯೋ, ನನಗ್ಯಾಕೆ ಆ ಪಾಡು! ಅಪ್ಪನಿಗಾಗಿ ಬಂದೆ.”

ಕಾವಲಿನವರು ನಗು ತಡೆಯಲು ತುಟಿ ಕಚ್ಚಿಕೊಂಡರು. ಸರಪಳಿಯಲ್ಲಿದ್ದ ಮುದುಕ ಕೂಗಿಕೊಂಡ: “ಹೋಗೋ ಮಗನೇ! ನನ್ನದು ಹೇಗೂ ಮುಗೀತು, ನೀನ್ಯಾಕೋ ಸಾಯ್ತೀಯ?”

ಬೀರ ಹೋಗಲಿಲ್ಲ. ರಾಣಿ ಮೊದಲನೆಯದನ್ನು ಕೇಳಿದಳು.

“ನೀರಿನ ಹನಿ, ತಾಯಿ. ನಮ್ಮ ಸುಣ್ಣದ ಗಡಿಗೆ ಸೋರಿದರೆ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತೆ. ಇಲ್ಲೂ ಹನಿಯೇ ಮೇಲೆ ಒಂದಿಷ್ಟು ಬಿಟ್ಟು, ಕೆಳಗೆ ಒಂದಿಷ್ಟು ಬಿಟ್ಟು ಎರಡನ್ನೂ ಬೆಳೆಸಿದೆ.”

“ಎರಡನೆಯದು. ಈ ಗವಿಗೆ ಎಲ್ಲರಿಗಿಂತ ಮೊದಲು ಬಂದವನೊಬ್ಬ ಇಲ್ಲೇ ಇದ್ದಾನೆ. ದೀಪ ಹಿಡಿದು ಬಂದ ಯಾರಿಗೂ ಅವನು ಕಂಡಿಲ್ಲ. ತೋರಿಸು.”

ಬೀರ ಕಾವಲಿನವರ ಕೈಯಿಂದ ಮೂರೂ ಪಂಜುಗಳನ್ನು ಕಿತ್ತುಕೊಂಡು ಕಂಬದ ಹಿಂದಿನ ಕೊಳದಲ್ಲಿ ಅದ್ದಿಬಿಟ್ಟ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ ಎನ್ನುವಂಥ ಕತ್ತಲು ಕವಿಯಿತು.

“ಇವನೇ ತಾಯಿ, ಕತ್ತಲು. ಚೆನ್ನಾಗಿ ನೋಡಿಕೊಳ್ಳಿ.”

“ಹಚ್ಚಿ! ಬೇಗ ಹಚ್ಚಿ!” ರಾಣಿಯ ದನಿ ನಡುಗುತ್ತಿತ್ತು. ಕಾವಲಿನವರು ಚಕಮಕಿ ಕುಟ್ಟಿ ಬೇರೆ ಪಂಜು ಹಚ್ಚಿದಾಗ ಅವಳ ಮುಖ ಕೆಂಡವಾಗಿತ್ತು. ಹೆದರಿದ್ದನ್ನು ಒಬ್ಬ ಸುಣ್ಣದವನು ಕೇಳಿಸಿಕೊಂಡನಲ್ಲ!

“ಮೂರನೆಯದು,” ಎಂದಳು ಹಲ್ಲು ಕಡಿಯುತ್ತ. “ಏಟು ಹಾಕದೆ, ಉಗುರು ತಾಗಿಸದೆ ನನ್ನ ಬಿಳಿಕಂಬವನ್ನು ಕೊಂದದ್ದು ಏನು? ಹೇಳು, ನಿನ್ನ ಬಾಯಿಂದಲೇ ಹೇಳು.”

ಎಂಥ ಕೆಟ್ಟ ಬುದ್ಧಿ ನೋಡಿ! ಹೊಗೆ ಎಂದರೆ ಅಪ್ಪನ ತಪ್ಪನ್ನು ಮಗನೇ ಒಪ್ಪಿದಂತೆ. ಅಲ್ಲವೆಂದರೆ ಇವನ ತಲೆಯೂ ಹೋಗುತ್ತದೆ.

ಬೀರ ಪಂಜು ಎತ್ತಿ ಕಂಬದ ಸುತ್ತ ಒಂದು ಸುತ್ತು ಬಂದ. ಆಮೇಲೆ ಚಾವಣಿಗೆ ಬೆಳಕು ಹಿಡಿದ.

“ಹೊಗೆ ಮೇಲಕ್ಕೆ ಹೋಗುತ್ತೋ ಕೆಳಕ್ಕೋ, ತಾಯಿ? ಚಾವಣಿ ನೋಡಿ, ಬೆಳ್ಳಗಿದೆ. ಕಂಬ ಕಪ್ಪಾಗಿರುವುದು ಸೊಂಟದಿಂದ ಎತ್ತಿದ ಕೈ ಮುಟ್ಟುವಷ್ಟು ಎತ್ತರಕ್ಕೆ ಮಾತ್ರ. ಕೊಳದ ಕಡೆ ಯಾರೂ ನಿಲ್ಲುವುದಕ್ಕಾಗುವುದಿಲ್ಲ, ಆ ಮೈ ಇನ್ನೂ ಹಾಲಿನ ಹಾಗಿದೆ. ಎಣ್ಣೆತಲೆ ಒರಗಿದ ಗೋಡೆಗೆ ನಾನು ಎಷ್ಟು ಸಲ ಸುಣ್ಣ ಬಳಿದರೂ ಹಿಡಿಯುವುದಿಲ್ಲ. ಕೈಯ ಜಿಡ್ಡು ಕೂತ ಕಲ್ಲಿಗೂ ಹನಿ ಹಿಡಿಯುವುದಿಲ್ಲ, ಕಲ್ಲು ಬೆಳೆಯುವುದಿಲ್ಲ. ಇದನ್ನು ಕೊಂದದ್ದು ಭಕ್ತಿ ಮಾಡಿದ ಅಂಗೈ. ಸವರಿ ಸವರಿ ಕಣ್ಣಿಗೊತ್ತಿಕೊಂಡ ಅಂಗೈ.”

“ಯಾರ ಅಂಗೈ?”

ಮೂಲೆಯಿಂದ ಮಾಳಯ್ಯ ಮಾತಾಡಿದ: “ಮೊದಲು ತಮ್ಮದೇ, ತಾಯಿ. ದಿನಾ ಸವರುತ್ತಿದ್ದಿರಿ. ಒಡತಿಯೇ ಮುಟ್ಟಿದ ಮೇಲೆ ಬಂದವರು ಬಿಟ್ಟಾರೆಯೇ? ಮುಟ್ಟಬೇಡಿ ಎಂದು ನಾನು ಬಡಕೊಂಡೆ. ಅದಕ್ಕೇ ಈ ಸರಪಳಿ.”

ರಾಣಿ ಚಾವಣಿ ನೋಡಿದಳು. ಕಂಬದ ಹಿಂಬದಿಗೆ ಬಗ್ಗಿ ನೋಡಿದಳು. ಜಗಳಕ್ಕೆ ಏನಾದರೂ ಸಿಗುತ್ತದೆಯೋ ಎಂದು ಹುಡುಕಿದಳು ಅನ್ನಿ. ಏನೂ ಸಿಗಲಿಲ್ಲ.

“ಗೆದ್ದೆ. ಏನು ಬೇಕು?”

“ಮೂರು ತಲೆ.”

ಕಾವಲಿನವರ ಕೈ ಕತ್ತಿಗೆ ಹೋಯಿತು.

“ಅವರವರ ಕುತ್ತಿಗೆಯ ಮೇಲೇ ಇರಲಿ, ಹಾಗೇ ಕೊಡಿ. ಮತ್ತೆ ಈ ಗವಿಯಲ್ಲಿ ನಮ್ಮಪ್ಪನ ಮಾತೇ ನಡೆಯಬೇಕು, ಯಾರೇ ಬರಲಿ.”

ಕೊಟ್ಟ ಮಾತು, ಮೀರುವಂತಿರಲಿಲ್ಲ. ಸರಪಳಿ ಬಿಚ್ಚಿದ್ದೇ ತಡ ಮಾಂಡಲಿಕನೂ ವಾಮನನೂ ಹಿಂದೆ ತಿರುಗದೆ ಓಡಿದರು, ಬೀರನಿಗೆ ಒಂದು ಕೈಮುಗಿಯುವ ಸೌಜನ್ಯವೂ ಇಲ್ಲ! ಮಾಳಯ್ಯನ ಕಾಲು ಮರಗಟ್ಟಿತ್ತು. ಮಗ ಅವನನ್ನು ತಬ್ಬಿ ಎಬ್ಬಿಸಿ, ಅವನ ಹೆಗಲಲ್ಲಿ ಮುಖವಿಟ್ಟು ಗಳಗಳನೆ ಅತ್ತ.

ರಾಣಿ ಹೊರಡುವ ಮೊದಲು ಬಿಳಿಕಂಬದ ಮುಂದೆ ನಿಂತಳು. ಅವಳಿಗೂ ಸಂಕಟವಾಗಿತ್ತೋ ಏನೋ, ಅರಿವಿಲ್ಲದೆಯೇ ಕೈ ಮುಂದೆ ಹೋಯಿತು.

“ಕೈ ತೆಗೀರಿ!”

ಮಾಳಯ್ಯ ಗುಡುಗಿದ್ದಕ್ಕೆ ಗವಿಯೆಲ್ಲ ಮೊಳಗಿತು. ಅವಳಿಗೆ ಹುಟ್ಟಿದಾರಭ್ಯ ಯಾರೂ ಹಾಗೆ ಗದರಿರಲಿಲ್ಲ. ಕತ್ತಿ ಹಿಡಿದವರು ಅವಳ ಕಣ್ಸನ್ನೆಗೆ ಕಾಯುತ್ತಿದ್ದರು. ಅವಳು ಸನ್ನೆ ಮಾಡಲಿಲ್ಲ. ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಮುದುಕ ಮುಂದೆ ನಡೆಯಲೆಂದು ಪಕ್ಕಕ್ಕೆ ಸರಿದು ನಿಂತಳು.