ನೀರು ಕಾಣದ ಕತ್ತಿ

ಸಮುದ್ರದ ಆಚೆ, ಜಪಾನ್ ದೇಶದ ಒಂದು ಕಾಡಿನಲ್ಲಿ ಹಿಸಾ ಎಂಬ ಕರಡಿ ಇದ್ದಳು. ಕರಡಿ ಅಂದಕೂಡಲೇ ಜೇನು ಹುಡುಕಿಕೊಂಡು ಅಲೆಯುವವಳು ಅಂದುಕೊಳ್ಳಬೇಡಿ. ಇವಳು ಕತ್ತಿ ಮಾಡುವವಳು. ಕಾಡಿನ ಅಂಚಿನಲ್ಲಿ ಅವಳ ಕುಲುಮೆ ಇತ್ತು. ಬೆಳಗಾದರೆ ಅಲ್ಲಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು ಕೇಳುತ್ತಿತ್ತು.

ಆ ಕಾಡಿನಲ್ಲಿ ಒಂದು ಪದ್ಧತಿ. ಬೆಟ್ಟದ ಮೇಲಿನ ಗುಡಿಯಲ್ಲಿ ಕಾಡಿನ ಕಾವಲಿಗೆಂದು ಒಂದು ಕತ್ತಿ ಇಡುತ್ತಿದ್ದರು. ಅದರಿಂದ ಯಾರೂ ಯಾರನ್ನೂ ಕಡಿಯುತ್ತಿರಲಿಲ್ಲ. ನೋಡಿದವರಿಗೆ ಒಂದು ಧೈರ್ಯ, ಅಷ್ಟೆ. ಒಂದು ಬೇಸಿಗೆಯಲ್ಲಿ ಸಿಡಿಲು ಬಡಿದು ಗುಡಿ ಸುಟ್ಟುಹೋಯಿತು, ಒಳಗಿದ್ದ ಕತ್ತಿಯೂ ಕೆಟ್ಟಿತು. ಗುಡಿಯನ್ನೇನೋ ಮತ್ತೆ ಕಟ್ಟಿದರು. ಕತ್ತಿ ಮಾಡುವವರು ಯಾರು? ಹಿಸಾಳ ಗುರು ಮುದಿ ಕರಡಿ ಅದಾಗಲೇ ಕಣ್ಣು ಮುಚ್ಚಿದ್ದ. ಉಳಿದವಳು ಇವಳೊಬ್ಬಳೇ.

ಹಿಸಾ ಒಂದು ಕತ್ತಿ ಮಾಡಿದಳು. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದಾಗ ಅದು ಬಿರುಕು ಬಿಟ್ಟಿತು. ಇನ್ನೊಂದು ಮಾಡಿದಳು. ಅದೂ ನೀರಿನಲ್ಲೇ ಒಡೆಯಿತು. ಕಾಡಿನಲ್ಲಿ ಗುಸುಗುಸು ಶುರುವಾಯಿತು. ಅದಕ್ಕೆ ಗಾಳಿ ಹಾಕಿದವನು ಕಿಂಜೊ ಎಂಬ ನರಿ. ಆ ಬೆಚ್ಚಗಿನ ಕುಲುಮೆಯ ಮನೆಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ಹಿಸಕ್ಕ ಒಳ್ಳೆಯವಳೇ, ಪಾಪ," ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. "ಆದರೆ ಗುರುವಿನ ಕೈ ಶಿಷ್ಯೆಗೆ ಬರಬೇಕಲ್ಲ? ಸುಮ್ಮನೆ ಮರ ಸುಟ್ಟು ಇದ್ದಿಲು ಮಾಡಿದ್ದೇ ಬಂತು."

ಕಡೆಗೆ ಕಾಡಿನ ಹಿರಿಯ ಕೊಕ್ಕರೆಯಜ್ಜ ಸಭೆ ಕರೆದ. "ಮೊದಲ ಹಿಮ ಬೀಳುವುದರೊಳಗೆ ಒಳ್ಳೆಯ ಕತ್ತಿ ತಂದವರಿಗೆ ಕುಲುಮೆ. ಯಾರೂ ತರದಿದ್ದರೆ ಬೆಂಕಿ ಆರಿಸಿ ಬಾಗಿಲು ಹಾಕೋಣ," ಎಂದ.

ಆ ಕುಲುಮೆ ಬಿಟ್ಟರೆ ಹಿಸಾಳಿಗೆ ಬೇರೆ ಬದುಕೇ ಗೊತ್ತಿರಲಿಲ್ಲ. ಅವಳು ಹಟ ತೊಟ್ಟು ಕೂತಳು. ಉಕ್ಕನ್ನು ಕಾಯಿಸಿದಳು, ಬಡಿದಳು, ಚಪಾತಿ ಹಿಟ್ಟಿನ ಹಾಗೆ ಮಡಿಚಿ ಮತ್ತೆ ಬಡಿದಳು. ಅವಳ ಜೊತೆಗಾರ ಗೊಂಟಾ ಎಂಬ ಕಾಡುಹಂದಿ ದೊಡ್ಡ ಸುತ್ತಿಗೆ ಬೀಸಿ ಬೆವರಿಳಿಸಿದ. ಉಕ್ಕು ಉದ್ದವಾಯಿತು, ನೆಟ್ಟಗಿನ ಕತ್ತಿಯಾಯಿತು. ಹಿಸಾ ಅದನ್ನು ಅರದಿಂದ ಉಜ್ಜಿ ನಯ ಮಾಡಿದಳು. ಅದು ಮಿರಮಿರ ಮಿಂಚಿತು.

"ಇನ್ನೇನಕ್ಕ? ಮಣ್ಣು ಬಳಿದು, ಕಾಯಿಸಿ, ನೀರಿಗೆ ಬಿಡೋಣ," ಎಂದ ಗೊಂಟಾ.

"ನಾಳೆ ನೋಡೋಣ," ಎಂದಳು ಹಿಸಾ.

ನಾಳೆ ಬಂತು. ಮಣ್ಣು ಹದವಾಗಿಲ್ಲ ಅಂದಳು. ಮರುದಿನ ಗಾಳಿ ಸರಿಯಿಲ್ಲ ಅಂದಳು. ಗಾಳಿಗೂ ಇದಕ್ಕೂ ಏನು ಸಂಬಂಧ? ಅವಳಿಗೆ ಭಯ, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಈ ಸಲವೂ ಒಡೆದರೆ ಎಲ್ಲ ಮುಗಿಯಿತಲ್ಲ.

ಇತ್ತ ಕಿಂಜೊ ದಿನವೂ ಕಿಟಕಿಯ ಸಂದಿಯಿಂದ ಇಣುಕುತ್ತಿದ್ದ. ಕತ್ತಿ ಹೊಳೆಯುವುದನ್ನು ಕಂಡು ಅವನ ಬಾಯಲ್ಲಿ ನೀರೂರಿತು. 'ಹೊಳೆಯಿತು ಅಂದಮೇಲೆ ಮುಗಿದ ಹಾಗೇ. ಈ ಪೆದ್ದಿ ಇನ್ನೂ ಯಾಕೆ ಇಟ್ಟುಕೊಂಡಿದ್ದಾಳೆ?' ಎಂದುಕೊಂಡ. ಒಂದು ಮಧ್ಯಾಹ್ನ ಹಿಸಾ ಮತ್ತು ಗೊಂಟಾ ಮಣ್ಣು ತರಲು ಹೊಳೆಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಕತ್ತಿ ಮಾಯವಾಗಿತ್ತು.

ಮರುದಿನ ಬೆಳಿಗ್ಗೆ ಕಿಂಜೊ ಸಭೆ ಸೇರಿಸಿದ. ನೋಡಿದರೆ ಕತ್ತಿ ಅವನ ಕೈಯಲ್ಲಿ! ಅವನು ಅದನ್ನು ಎಣ್ಣೆ ಹಚ್ಚಿ ತಿಕ್ಕಿ ಇನ್ನೂ ಹೊಳೆಯಿಸಿದ್ದ.

"ನಾನೂ ಸ್ವಲ್ಪ ಕಲಿತಿದ್ದೆ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ," ಎಂದು ಕಿಂಜೊ ಬಾಲ ಅಲ್ಲಾಡಿಸಿದ.

"ಅದು ನನ್ನದು," ಎಂದು ಹಿಸಾ ಮುಂದೆ ನುಗ್ಗಿದಳು. ಗೊಂಟಾ ಅವಳ ತೋಳು ಹಿಡಿದುಕೊಂಡ.

"ಮಾಡಲಾಗದವರಿಗೆ ಹೊಟ್ಟೆಕಿಚ್ಚು ಸಹಜ," ಎಂದು ಕಿಂಜೊ ನಿಟ್ಟುಸಿರು ಬಿಟ್ಟ. "ನಿನ್ನದು ಅನ್ನುವುದಕ್ಕೆ ಸಾಕ್ಷಿ ಯಾರು? ನಿನ್ನ ಗೊಂಟಾನೇ ತಾನೇ?"

ಕೊಕ್ಕರೆಯಜ್ಜ ಕತ್ತು ಚಾಚಿ ಇಬ್ಬರನ್ನೂ ನೋಡಿದ. "ಯಾರದ್ದು ಅನ್ನುವುದು ಆಮೇಲಾಯಿತು. ಮೊದಲು ಕತ್ತಿ ಹೇಗಿದೆ ನೋಡೋಣ. ಕಡಿದು ತೋರಿಸಪ್ಪ," ಎಂದ.

ಒದ್ದೆ ಮಾಡಿದ ಹುಲ್ಲು ಚಾಪೆಯನ್ನು ಸುರುಳಿ ಸುತ್ತಿ ಕಂಬದ ಹಾಗೆ ನಿಲ್ಲಿಸಿದರು. ಕತ್ತಿಗೆ ಅದೇ ಪರೀಕ್ಷೆ. ಕಿಂಜೊ ಕಾಲು ಅಗಲಿಸಿ ನಿಂತ, ಎರಡೂ ಕೈಯಿಂದ ಕತ್ತಿ ಎತ್ತಿದ, ಬೀಸಿ ಹೊಡೆದ. ಚಾಪೆ ಇದ್ದ ಹಾಗೇ ಇತ್ತು. ಕತ್ತಿ ಮಾತ್ರ ಬಾಡಿದ ಬಾಳೆ ಎಲೆಯ ಹಾಗೆ ಬಗ್ಗಿಹೋಯಿತು.

ಮೊಲಗಳು ಮೊದಲು ನಕ್ಕವು. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಿಂಜೊನಿಗೆ ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟ. "ನಾನೇನು ಮಾಡಲಿ? ಹಿಸಾ ಮಾಡಿದ್ದೇ ಇಷ್ಟು ಮೆತ್ತಗಿದೆ!"

ನಗು ನಿಂತಿತು.

"ಯಾರು ಮಾಡಿದ್ದು ಅಂದೆ, ಮಗಾ?" ಎಂದು ಕೇಳಿದ ಕೊಕ್ಕರೆಯಜ್ಜ.

ಕಿಂಜೊ ಓಡಲು ತಿರುಗಿದ. ಹಿಂದೆ ಗೊಂಟಾ ನಿಂತಿದ್ದ.

ಹಿಸಾ ಹೋಗಿ ಬಗ್ಗಿದ ಕತ್ತಿಯನ್ನು ಎತ್ತಿಕೊಂಡಳು. ಬೆರಳಿನಿಂದ ಸವರಿ ನೋಡಿದಳು. ಬಗ್ಗಿತ್ತು, ಒಡೆದಿರಲಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು.

"ಇದು ಇನ್ನೂ ಕತ್ತಿ ಆಗಿಲ್ಲ ಅಜ್ಜ," ಎಂದಳು. "ನೀರು ಕಂಡಿಲ್ಲ, ಅದಕ್ಕೇ ಮೆತ್ತಗಿದೆ. ನಾನೇ ಹೆದರಿ ಮುಂದೆ ಹಾಕುತ್ತಾ ಬಂದೆ. ಈವತ್ತು ಎಲ್ಲರ ಎದುರಿಗೇ ಮಾಡುತ್ತೇನೆ. ಒಡೆದರೆ ನೀವೇ ಬೆಂಕಿ ಆರಿಸಿ."

ಎಲ್ಲರೂ ಅವಳ ಹಿಂದೆ ಕುಲುಮೆಗೆ ನಡೆದರು. ಹಿಸಾ ಕತ್ತಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ತಟ್ಟಿ ತಟ್ಟಿ ನೇರ ಮಾಡಿದಳು. ಹೊಳೆಯ ಮಣ್ಣಿಗೆ ಇದ್ದಿಲ ಪುಡಿ ಕಲಸಿ ಬಳಿದಳು. ಕಡಿಯುವ ಅಲಗಿಗೆ ತೆಳ್ಳಗೆ, ಹಿಂಬದಿಯ ಬೆನ್ನಿಗೆ ದಪ್ಪಗೆ. ನೀರಿಗೆ ಬಿದ್ದಾಗ ಅಲಗು ಥಟ್ಟನೆ ತಣಿದು ಗಟ್ಟಿಯಾಗಬೇಕು, ಬೆನ್ನು ನಿಧಾನವಾಗಿ ತಣಿದು ಪೆಟ್ಟು ತಾಳುವ ಗುಣ ಉಳಿಸಿಕೊಳ್ಳಬೇಕು. ಮಣ್ಣು ಒಣಗುವವರೆಗೆ ಎಲ್ಲರೂ ಕಾದು ಕೂತರು. ಆಮೇಲೆ ಗೊಂಟಾ ಕಿಟಕಿ ಬಾಗಿಲು ಮುಚ್ಚಿದ. ಬೆಂಕಿಯ ಬಣ್ಣ ಸರಿಯಾಗಿ ಕಾಣಬೇಕಾದರೆ ಕತ್ತಲು ಬೇಕು.

ಬೆಂಕಿಗೆ ಗಾಳಿ ಊದುವ ತಿದಿ ಉಸಿರಾಡಿತು. ಕತ್ತಿ ಕೆಂಪಾಯಿತು, ಇನ್ನೂ ಕೆಂಪಾಯಿತು.

"ಅಕ್ಕ, ಸಾಕಾ?" ಎಂದು ಗೊಂಟಾ ಮೆಲ್ಲಗೆ ಕೇಳಿದ.

"ಇನ್ನೊಂದು ಚೂರು," ಎಂದಳು ಹಿಸಾ. ಬಣ್ಣ ತುದಿಯಿಂದ ಬುಡದವರೆಗೆ ಒಂದೇ ಸಮ ಆಗುವುದನ್ನೇ ಕಾದಳು. ಆದಕೂಡಲೇ ಕತ್ತಿಯನ್ನು ಸರ್ರನೆ ಎಳೆದು ನೀರಿಗೆ ಬಿಟ್ಟಳು.

ಬುಸ್ಸೆಂದು ಹಬೆ ಎದ್ದಿತು. ಹಿಸಾ ಕಣ್ಣು ಮುಚ್ಚಿಕೊಂಡು ಕಿವಿ ಕೊಟ್ಟಳು. ಒಡೆಯುವ ಆ 'ಟಿಣ್' ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೀರು ಗುಳುಗುಳು ಅಂದು ಸುಮ್ಮನಾಯಿತು. ಆ ಸದ್ದು ಬರಲೇ ಇಲ್ಲ.

ಗೊಂಟಾ ಬಾಗಿಲು ತೆಗೆದ. ಹಿಸಾ ಕತ್ತಿಯನ್ನು ಬೆಳಕಿಗೆ ಹಿಡಿದಳು. ನೆಟ್ಟಗಿದ್ದ ಕತ್ತಿ ಈಗ ಅಂದವಾಗಿ ಬಾಗಿತ್ತು.

"ಈ ಬಾಗನ್ನು ಯಾವಾಗ ಬಡಿದೆಯಮ್ಮ?" ಎಂದು ಕೊಕ್ಕರೆಯಜ್ಜ ಬೆರಗಾಗಿ ಕೇಳಿದ.

"ನಾನು ಬಡಿಯಲಿಲ್ಲ ಅಜ್ಜ. ನೀರಿಗೆ ಇಳಿದಾಗ ಅಲಗೂ ಬೆನ್ನೂ ಒಂದೇ ಸಮ ತಣಿಯುವುದಿಲ್ಲವಲ್ಲ, ಅದೇ ಬಾಗಿತು," ಎಂದಳು ಹಿಸಾ.

ಕತ್ತಿಯನ್ನು ಸಾಣೆ ಹಿಡಿದು ಚಾಪೆಯ ಮೇಲೆ ಪರೀಕ್ಷೆ ಮಾಡಿದರು. ಸುರುಳಿ ಎರಡು ತುಂಡಾಗಿ ಬಿತ್ತು. ಹಿಮ ಬೀಳುವ ಮುಂಚೆ ಹೊಸ ಕತ್ತಿ ಗುಡಿ ಸೇರಿತು, ಕುಲುಮೆ ಹಿಸಾಳಿಗೇ ಉಳಿಯಿತು. ಕಿಂಜೊನಿಗೆ ಸಿಕ್ಕಿದ್ದು ಅದೇ ಕುಲುಮೆಯಲ್ಲಿ ಇದ್ದಿಲು ಕತ್ತರಿಸುವ ಕೆಲಸ. ಹೊಸಬರೆಲ್ಲ ಅಲ್ಲಿಂದಲೇ ಶುರು ಮಾಡುವುದು. ಮೊದಮೊದಲು ಮೂತಿಯೆಲ್ಲ ಕಪ್ಪಾಗಿ ಅವನು ಗೊಣಗಿದ್ದೇ ಗೊಣಗಿದ್ದು. ಆದರೆ ವಸಂತ ಬರುವ ಹೊತ್ತಿಗೆ ಒಂದು ದಿನ ಅವನಾಗಿಯೇ ಹಿಸಾಳ ಹತ್ತಿರ ಬಂದ.

"ಅಕ್ಕ, ಆ ಮಣ್ಣು ಕಲಸುವುದು ಹೇಗೆ ಅಂತ ನನಗೂ ತೋರಿಸ್ತೀಯಾ?" ಎಂದು ಕೇಳಿದ.

ಹಿಸಾ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

ನೀತಿ: ಇನ್ನೊಬ್ಬರು ಮಾಡಿದ ವಸ್ತುವನ್ನು ಕದಿಯಬಹುದು, ಅದನ್ನು ಮಾಡುವ ವಿದ್ಯೆಯನ್ನು ಕದಿಯಲಾಗದು. ವಿದ್ಯೆ ಬೇಕಾದವನು ಕಲಿಯಬೇಕು; ಕಲಿತವನು ಭಯ ಬಿಟ್ಟು ಕೆಲಸವನ್ನು ಕೊನೆ ಮುಟ್ಟಿಸಬೇಕು.