ಮೆಟ್ಟಿಲ ಪಕ್ಕದ ದಾರಿ

"ಗುರುಗಳೇ, ಹೆಮ್ಮೆಯನ್ನು ಬಿಡಿ ಎಂದು ನೀವು ಹೇಳುತ್ತಲೇ ಬಂದಿದ್ದೀರಿ. ಬಿಡಬಾರದ ಹೆಮ್ಮೆ ಎಂಬುದು ಒಂದೂ ಇಲ್ಲವೇ?"

ಮಠದ ಕಿರಿಯ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ಬೆಳಗಿನ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು.

ಗುರುಗಳು ಹೇಳಿದರು: "ಇದೆ. ಆದರೆ ಅದನ್ನು ತಿಳಿಸಲು ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ಕತೆ ಹೇಳಬೇಕಾಗುತ್ತದೆ."

"ಆಟದ ಕತೆಯೇ?" ಎಂದ ಶಿಷ್ಯ. ಅವನ ದನಿಯಲ್ಲಿ ನಿರಾಸೆಯಿತ್ತು.

"ಆಟದ್ದೇ. ಕೇಳು" ಎಂದು ಗುರುಗಳು ಆರಂಭಿಸಿದರು.

ಗದಗಿನಲ್ಲಿ ಒಬ್ಬ ಬೈಂಡರ್ ಇದ್ದ. ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಕೆಲಸ. ಅವನಿಗೆ ದಾನೇಶ್ವರಿ ಎಂಬ ಒಬ್ಬಳೇ ಮಗಳು. ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಗಾಲಿಕುರ್ಚಿಯಲ್ಲೇ ಶಾಲೆ ಕಲಿತಳು, ಗಾಲಿಕುರ್ಚಿಯಲ್ಲೇ ಬಿ.ಎ. ಮುಗಿಸಿದಳು. ಕಾಲೇಜಿನ ತರಗತಿಗಳು ಮಹಡಿಯ ಮೇಲಿದ್ದವು. ಗೆಳತಿಯರು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಗೆಳತಿಯರೆಂದರೆ ಅವಳಿಗೆ ಪ್ರೀತಿ. ಎತ್ತಿಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲ. ಕೇಳದೆ ಯಾರಾದರೂ ಹಿಂದಿನಿಂದ ಬಂದು ಕುರ್ಚಿಯನ್ನು ತಳ್ಳಿದರೆ ಅವಳು ಎರಡೂ ಗಾಲಿಗಳನ್ನು ಹಿಡಿದು ನಿಲ್ಲಿಸಿಬಿಡುತ್ತಿದ್ದಳು. ನಿನಗೆ ಸೊಕ್ಕು ಎಂದು ಕೆಲವರು ಅವಳ ಮುಖಕ್ಕೇ ಹೇಳಿದ್ದರು.

ಓದು ಮುಗಿದ ಮೇಲೆ ಮನೆಯಲ್ಲೇ ಕುಳಿತು ಮುದ್ರಣಾಲಯಗಳಿಗೆ ಪುಟ ಜೋಡಿಸಿ ಕೊಡುವ ಕೆಲಸ ಹಿಡಿದಳು. ಸ್ವಂತ ದುಡಿಮೆ ಕೈಗೆ ಬಂದಾಗ ತನಗೆಂದು ಕೊಂಡ ಮೊದಲ ವಸ್ತು ಆ ಆಟ.

ಆ ಆಟದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಆಡುವವರು ಪರದೆಯ ಮೇಲೆ ಮನುಷ್ಯರನ್ನು ಮಾಡುತ್ತಾರೆ. ಅವರಿಗೆ ಮನೆ ಕಟ್ಟಿಕೊಡುತ್ತಾರೆ. ಆ ಮನುಷ್ಯರು ಉಣ್ಣಬೇಕು, ಮಲಗಬೇಕು, ದುಡಿಯಬೇಕು. ಅವರು ಪ್ರೀತಿಸುತ್ತಾರೆ, ಜಗಳವಾಡುತ್ತಾರೆ, ಮುಪ್ಪಾಗುತ್ತಾರೆ. ಒಟ್ಟಿನಲ್ಲಿ ಅದೊಂದು ಸಂಸಾರ. ಆದರೆ ಆಟ ಕೊಂಡ ಮಾತ್ರಕ್ಕೆ ಸಂಸಾರ ಪೂರ್ತಿ ಕೈಗೆ ಬರುವುದಿಲ್ಲ. ಕಂಪನಿಯವರು ಮೂಲ ಆಟವನ್ನು ಒಂದು ಬೆಲೆಗೆ ಮಾರಿ, ಉಳಿದುದನ್ನು ಪ್ಯಾಕ್ ಎಂಬ ಹೆಸರಿನಲ್ಲಿ ಬಿಡಿಬಿಡಿಯಾಗಿ ಮಾರುತ್ತಾರೆ. ಮಳೆ, ಚಳಿ ಬೇಕೆಂದರೆ ಒಂದು ಪ್ಯಾಕ್. ನಾಯಿ, ಬೆಕ್ಕು ಬೇಕೆಂದರೆ ಇನ್ನೊಂದು. ಮದುವೆಯ ಮಂಟಪಕ್ಕೆ ಬೇರೆ. ಒಂದೊಂದಕ್ಕೂ ಹೆಚ್ಚುಕಡಿಮೆ ಮೂಲ ಆಟದಷ್ಟೇ ಬೆಲೆ. ದಾನೇಶ್ವರಿ ಕೊಂಡದ್ದು ಮೂಲ ಆಟ ಮಾತ್ರ. ಪರದೆಯ ಮೇಲಿನ ಅವಳ ಊರಿನಲ್ಲಿ ಬಹಳ ದಿನ ಮಳೆಯೇ ಬರಲಿಲ್ಲ.

ಅವಳ ಸೋದರಮಾವ ಹುಬ್ಬಳ್ಳಿಯಲ್ಲಿ ಬಟ್ಟೆ ವ್ಯಾಪಾರಿ. ಸೊಸೆಯ ಮೇಲೆ ಅವನಿಗೆ ಜೀವ. ಒಮ್ಮೆ ಮನೆಗೆ ಬಂದವನು ಅವಳು ಆಡುವುದನ್ನು ನೋಡಿದ. ಪ್ಯಾಕುಗಳ ವಿಚಾರ ಕೇಳಿ ತಿಳಿದುಕೊಂಡ. ಅವಳ ಹುಟ್ಟುಹಬ್ಬಕ್ಕೆ ಅಷ್ಟೂ ಪ್ಯಾಕುಗಳನ್ನು ಕೊಂಡು ಕೊಟ್ಟ. ಬೆಟ್ಟ ಹತ್ತುವ ಪ್ಯಾಕ್ ಇತ್ತು. ಸಮುದ್ರದಲ್ಲಿ ಈಜುವ ಪ್ಯಾಕ್ ಇತ್ತು. ಕುಣಿತದ ಪ್ಯಾಕ್ ಇತ್ತು. ಪರದೆಯ ಮೇಲೆ ದಾನೇಶ್ವರಿ ಎಂಬ ಹೆಸರಿನ ಹುಡುಗಿ ಗೆಜ್ಜೆ ಕಟ್ಟಿ ಕುಣಿದಳು. ನೋಡುತ್ತಿದ್ದ ಮಾವನ ಕಣ್ಣು ತುಂಬಿತು.

"ನೋಡವ್ವಾ, ಈಗ ಹೆಂಗ ಕುಣ್ಯಾಕತ್ತೀದಿ" ಎಂದ.

"ಚಂದ ಕುಣೀತಾಳ ಮಾವಾ. ಆದ್ರ ಆಕಿ ನಾ ಅಲ್ಲ" ಎಂದಳು ದಾನೇಶ್ವರಿ.

ಆಮೇಲೆ ಅವಳು ಒಂದೊಂದೇ ಪ್ಯಾಕನ್ನು ತೆರೆದು ಹುಡುಕಿದಳು. ಹಿಮದ ಮೇಲೆ ಜಾರುವ ಹಲಗೆ ಇತ್ತು. ದೋಣಿ ಇತ್ತು, ಕುದುರೆ ಇತ್ತು, ಮಗುವನ್ನು ಕೂರಿಸಿ ತಳ್ಳುವ ಗಾಡಿಯೂ ಇತ್ತು. ಗಾಲಿಕುರ್ಚಿ ಇರಲಿಲ್ಲ. ಯಾವ ಮನೆಗೆ ಹೋದರೂ ಬಾಗಿಲಲ್ಲಿ ಮೆಟ್ಟಿಲು. ಗಾಲಿ ಉರುಳುವಂಥ ಇಳಿಜಾರು ಒಂದೂ ಇರಲಿಲ್ಲ. "ಇಷ್ಟು ಪ್ಯಾಕಿನಾಗ ನಾ ಎಲ್ಲೂ ಇಲ್ಲ" ಎಂದಳು. ಮಾವನಿಗೆ ನೋವಾಯಿತು. ಕೊಟ್ಟದ್ದರಲ್ಲಿ ಇಲ್ಲದ್ದನ್ನೇ ಎಣಿಸುತ್ತಾಳೆ ಎಂದು ತಂಗಿಯ ಹತ್ತಿರ ಹೇಳಿ ಹೋದ.

ದಾನೇಶ್ವರಿ ಕುಣಿತದ ಪ್ಯಾಕನ್ನು ಮತ್ತೆ ತೆರೆಯಲಿಲ್ಲ. ಆ ಆಟಕ್ಕೆ ಆಡುವವರೇ ಹೊಸ ವಸ್ತುಗಳನ್ನು ಮಾಡಿ ಸೇರಿಸಿಕೊಳ್ಳಬಹುದು. ಹಾಗೆ ಮಾಡುವುದನ್ನು ಕಲಿಯಲು ಕುಳಿತಳು. ಹೇಳಿಕೊಡುವವರು ಯಾರೂ ಹತ್ತಿರದಲ್ಲಿರಲಿಲ್ಲ. ದೂರದೂರದ ಆಟಗಾರರು ಬರೆದಿಟ್ಟದ್ದನ್ನು ಓದಿ ಕಲಿತಳು. ಮೊದಲು ಮಾಡಿದ ಇಳಿಜಾರಿನ ಮೇಲೆ ಕಾಲಿಟ್ಟ ಜನ ನೆಲದೊಳಗೆ ಇಳಿದುಹೋದರು. ಇನ್ನೊಂದು ಸಲ ಮಾಡಿದಾಗ ಇಡೀ ಮನೆಯೇ ಓರೆಯಾಯಿತು. ಬಿಟ್ಟುಬಿಡೋಣ ಎಂದು ಅವಳಿಗೂ ಅನ್ನಿಸಿತು. ಬಿಡಲಿಲ್ಲ. ಮಳೆಗಾಲದಲ್ಲಿ ಹಿಡಿದ ಕೆಲಸ ಬೇಸಿಗೆಯಲ್ಲಿ ಒಂದು ಹದಕ್ಕೆ ಬಂತು. ಮನೆಯ ಮುಂದೆ ಇಳಿಜಾರು ನಿಂತಿತು. ಜನ ಅದರ ಮೇಲೆ ನಡೆದರು.

ತಂದೆ ಚಹಾ ತಂದವನು ನೋಡಿ ಕೇಳಿದ.

"ಇದು ಯಾಕವ್ವಾ? ನಿನ್ನ ಆಟದಾಗ ಗಾಲಿಕುರ್ಚಿ ಮ್ಯಾಲೆ ಕುಂತಾವರು ಒಬ್ಬರೂ ಇಲ್ಲಲ್ಲ."

"ದಾರಿ ಇರಲಿಲ್ಲಪ್ಪಾ. ಅದಕ್ಕ ಬಂದಿಲ್ಲ."

ಮುಂದೆ ಗಾಲಿಕುರ್ಚಿ ಮಾಡಿದಳು. ಅದರ ಗಾಲಿ ತಿರುಗುವಂತೆ ಮಾಡಲು ಇನ್ನೂ ಕಷ್ಟವಾಯಿತು. ಕೊನೆಗೆ ಒಂದು ದಿನ ಪರದೆಯ ಮೇಲಿನ ದಾನೇಶ್ವರಿ ಗಾಲಿಕುರ್ಚಿಯಲ್ಲಿ ಬೀದಿಯುದ್ದಕ್ಕೂ ಬಂದಳು. ಇಳಿಜಾರು ಹತ್ತಿದಳು. ತನ್ನ ಮನೆಯ ಬಾಗಿಲನ್ನು ತಾನೇ ತೆರೆದು ಒಳಗೆ ಹೋದಳು. ಯಾರೂ ಎತ್ತಲಿಲ್ಲ. ಪರದೆಯ ಮುಂದೆ ಕುಳಿತ ದಾನೇಶ್ವರಿ ಅಪ್ಪನನ್ನು, ಅವ್ವನನ್ನು ಕರೆದು ಅದನ್ನೇ ಮತ್ತೆ ಮತ್ತೆ ತೋರಿಸಿದಳು. ಬೈಂಡರ್ ಬಹಳ ಹೊತ್ತು ನೋಡಿದ. ಕೈಕೆಲಸದವನಲ್ಲವೇ, ಕೆಲಸವನ್ನೇ ನೋಡಿದ. "ಹಿಂದ ಹಿಡಿಕಿ ಇಡೋದು ಮರತೀಯಲ್ಲ" ಎಂದ.

"ಮರತಿಲ್ಲಪ್ಪಾ. ಬ್ಯಾಡಂತ ಬಿಟ್ಟೀನಿ."

ತಂದೆ ಮಗಳ ಮುಖ ನೋಡಿದ. ಆಮೇಲೆ ನಕ್ಕ. ಅಂದು ಮುದ್ರಣಾಲಯಕ್ಕೆ ಹೋದವನು ಸಿಕ್ಕವರಿಗೆಲ್ಲ ಮಗಳ ಕೆಲಸದ ಸುದ್ದಿ ಹೇಳಿದ.

ತಾನು ಮಾಡಿದ ಇಳಿಜಾರನ್ನೂ ಕುರ್ಚಿಯನ್ನೂ ದಾನೇಶ್ವರಿ ಎಲ್ಲ ಆಟಗಾರರಿಗೂ ಸಿಗುವಂತೆ ಬಿಟ್ಟಳು. ಹಣ ಕೇಳಲಿಲ್ಲ. ಮೊದಲು ಕೆಲವರು ತೆಗೆದುಕೊಂಡರು. ಅವರಿಂದ ಇನ್ನೂ ಹಲವರಿಗೆ ತಿಳಿಯಿತು. ಅವಳು ಹೆಸರೂ ಕೇಳದ ಊರುಗಳ ಜನ ಅವನ್ನು ತಮ್ಮ ಮನೆಗಳಿಗೆ ಹಾಕಿಕೊಂಡರು. ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಕುಂದಾಪುರದ ಒಬ್ಬ ಮೇಷ್ಟ್ರು ಅವಳಿಗೆ ಫೋನ್ ಮಾಡಿದರು. ಆಟದಲ್ಲಿ ನಾನು ಮತ್ತೆ ಶಾಲೆಗೆ ಹೋಗಿಬಂದೆ ಎಂದರು.

ಸುದ್ದಿ ಕಂಪನಿಗೂ ಮುಟ್ಟಿತು. ಕಂಪನಿಯ ಒಬ್ಬ ಅಧಿಕಾರಿಣಿ ವಿಡಿಯೋ ಕರೆ ಮಾಡಿ ಮಾತಾಡುತ್ತೇನೆ ಎಂದು ಹೇಳಿ ಕಳುಹಿಸಿದಳು. ಆ ದಿನ ಮಾವನೂ ಹುಬ್ಬಳ್ಳಿಯಿಂದ ಬಂದ. ಮುನಿಸು ಮರೆತಿದ್ದ. ಮನೆಯವರೆಲ್ಲ ಕಂಪ್ಯೂಟರಿನ ಸುತ್ತ ಕುಳಿತರು.

ಅಧಿಕಾರಿಣಿ ಒಳ್ಳೆಯ ಹೆಂಗಸು. ದಾನೇಶ್ವರಿಯ ಕೆಲಸವನ್ನು ಮನಸಾರೆ ಹೊಗಳಿದಳು. ಕಂಪನಿ ಹೊಸ ಪ್ಯಾಕ್ ತರಲಿದೆ, ಇಳಿಜಾರು ಮತ್ತು ಗಾಲಿಕುರ್ಚಿ ಅದರಲ್ಲಿ ಬರುತ್ತವೆ, ಪ್ಯಾಕಿನ ಮೇಲೆ ದಾನೇಶ್ವರಿಯ ಹೆಸರೂ ಇರುತ್ತದೆ ಎಂದಳು. ಕೊಡುವ ಹಣವನ್ನೂ ಹೇಳಿದಳು. ಅದು ದೊಡ್ಡ ಹಣ. ಬೈಂಡರ್ ಅಷ್ಟನ್ನು ಒಟ್ಟಿಗೆ ಎಂದೂ ಕಂಡವನಲ್ಲ. ಒಂದೇ ಷರತ್ತು. ಎಲ್ಲರಿಗೂ ಸುಮ್ಮನೆ ಸಿಗುತ್ತಿರುವುದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಬೇಕು.

ಮಾವ ಹೂಂ ಅನ್ನು ಎಂದು ಸನ್ನೆ ಮಾಡಿದ.

ದಾನೇಶ್ವರಿ ಕೇಳಿದಳು: "ಮೇಡಂ, ನಿಮ್ಮ ಆಟದಲ್ಲಿ ಮೆಟ್ಟಿಲಿಗೆ ಎಷ್ಟು ಬೆಲೆ?"

"ಮೆಟ್ಟಿಲಿಗೆ ಯಾರು ಬೆಲೆ ಹಾಕ್ತಾರೆ? ಅದು ಮೂಲ ಆಟದಲ್ಲೇ ಇದೆ. ಮೆಟ್ಟಿಲಿಲ್ಲದೆ ಜನ ಮನೆಯೊಳಗೆ ಹೋಗೋದು ಹೇಗೆ?"

ಹೇಳುತ್ತಿದ್ದಂತೆಯೇ ಅಧಿಕಾರಿಣಿಗೆ ತನ್ನ ಮಾತು ತನಗೇ ಕೇಳಿಸಿತು.

"ನಾನು ಕೇಳುತ್ತಿರುವುದೂ ಅದೇ" ಎಂದಳು ದಾನೇಶ್ವರಿ. "ಮೆಟ್ಟಿಲು ಎಲ್ಲಿದೆಯೋ ಅದರ ಪಕ್ಕದಲ್ಲೇ ಇದನ್ನೂ ಇಡಿ. ಕುರ್ಚಿಯನ್ನೂ ಹಾಗೇ ಕೊಡಿ. ಆಗ ಒಂದು ಪೈಸೆಯೂ ಬೇಡ, ಹೆಸರೂ ಬೇಡ. ಮಾರುವುದಾದರೆ ನಾನು ಕೊಡುವುದಿಲ್ಲ."

"ಅದು ನನ್ನ ಕೈಯಲ್ಲಿಲ್ಲ ದಾನೇಶ್ವರಿಯವರೇ."

"ಯಾರ ಕೈಯಲ್ಲಿದೆಯೋ ಅವರಿಗೆ ನಾನು ಹೀಗಂದೆ ಅಂತ ಹೇಳಿ."

ನಮಸ್ಕಾರ ಹೇಳಿ ಕರೆ ಮುಗಿಸಿದಳು.

ಮಾವ ಎದ್ದು ನಿಂತ. "ನಿನ್ನ ಸೊಕ್ಕಿಗೆ ಒಂದು ಮಿತಿ ಇಲ್ಲೇನು? ಅಪ್ಪನ ಕೈ ನೋಡೀದಿ? ಸೂಜಿ ಹಿಡದು ಹಿಡದು ಬೆರಳು ಮಡಚಾಕ ಬರದಂಗ ಆಗ್ಯಾವ" ಎಂದ.

ಆ ಮಾತು ದಾನೇಶ್ವರಿಗೆ ನಾಟಿತು. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಹಣಕ್ಕೆ ಒಪ್ಪಿಕೋ ಎಂದಿದ್ದರೆ ಅವಳು ಏನು ಮಾಡುತ್ತಿದ್ದಳೋ ಹೇಳಲಾಗದು.

ಬೈಂಡರ್ ತನ್ನ ಕೈಗಳನ್ನು ನೋಡಿಕೊಂಡ. "ಈ ಕೈಯಿಂದ ಕೆಲಸ ಮಾಡಿ ಆಕೀನ್ನ ತಲಿ ಎತ್ತಿ ಬೆಳಸೀನಿ. ಇವತ್ತ ತಗ್ಗಿಸು ಅಂತ ನಾ ಹೇಳಂಗಿಲ್ಲ" ಎಂದ.

ಮಾವ ಊಟ ಮಾಡದೆ ಹೋದ. ಅವ್ವ ಅಣ್ಣನನ್ನು ನೆನೆದು ಅತ್ತಳು. ದಾನೇಶ್ವರಿಗೆ ತಾನು ಮಾಡಿದ್ದು ಸರಿ ಎಂದು ಗೊತ್ತಿತ್ತು. ಆದರೂ ಮಾವ ಉಣ್ಣದೆ ಹೋದದ್ದನ್ನು ಅವಳು ಮರೆಯಲಿಲ್ಲ.

ಕಂಪನಿಯಿಂದ ಮತ್ತೆ ಕರೆ ಬರಲಿಲ್ಲ. ಹೊಸ ಪ್ಯಾಕ್ ಬಂತು. ಅದರಲ್ಲಿ ಆಸ್ಪತ್ರೆ ಇತ್ತು, ಕಡಲತೀರ ಇತ್ತು. ಇಳಿಜಾರೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ದಾನೇಶ್ವರಿ ತನ್ನದನ್ನು ಕೇಳಿದವರಿಗೆ ಕೊಡುತ್ತ, ಕೆಟ್ಟರೆ ಸರಿಪಡಿಸುತ್ತ ಇದ್ದಳು. ಕಂಪನಿಯವರು ತಿದ್ದುಪಡಿ ಮಾಡಿ ಆಟದ ಮೂಲ ಬದಲಾದಾಗಲೆಲ್ಲ ಅವಳ ಇಳಿಜಾರು ಕುಸಿಯುತ್ತಿತ್ತು. ಪುಟ ಜೋಡಿಸುವ ಕೆಲಸ ಮುಗಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದಳು.

ಮುಂದಿನ ವರ್ಷ ಆಟದ ಮೂಲ ಇನ್ನೊಮ್ಮೆ ಬದಲಾಯಿತು. ಈ ಸಲ ಏನು ಕೆಟ್ಟಿದೆಯೋ ನೋಡೋಣವೆಂದು ಅವಳು ಆಟ ತೆರೆದಳು. ಮನೆ ಕಟ್ಟುವ ವಸ್ತುಗಳಲ್ಲಿ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಇತ್ತು. ಜನರನ್ನು ಮಾಡುವಲ್ಲಿ ಗಾಲಿಕುರ್ಚಿ ಇತ್ತು. ಎರಡಕ್ಕೂ ಬೆಲೆ ಇರಲಿಲ್ಲ. ಆಟ ಕೊಂಡವರೆಲ್ಲರಿಗೂ ಅವು ಬಂದಿದ್ದವು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಅಧಿಕಾರಿಣಿ ಹೇಳಿದ್ದರಿಂದ ಆಯಿತೋ, ಬೇರೆ ಆಟಗಾರರೂ ಕೇಳಿದ್ದರಿಂದ ಆಯಿತೋ, ಯಾರೂ ಹೇಳಲಿಲ್ಲ. ಅವಳು ವಿಚಾರಿಸಲೂ ಇಲ್ಲ.

ತಾನು ಮಾಡಿದ್ದನ್ನು ಅವಳು ಅಂದೇ ಆಟದಿಂದ ತೆಗೆದಳು. ಇನ್ನು ಅದರ ಅಗತ್ಯವಿರಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ ಮಾವನನ್ನು ಊಟಕ್ಕೆ ಕರೆದಳು.

ಮಾವ ಬಂದ. ಅವಳು ತೋರಿಸಿದಳು. ಅವನು ಪರದೆಯನ್ನು ಹತ್ತಿರದಿಂದ ನೋಡಿದ. "ರೊಕ್ಕ ಹೋದರ ಹೋಗಲಿ. ನಿನ್ನ ಹೆಸರಾದ್ರೂ ಎಲ್ಲೈತಿ?" ಎಂದ.

"ಮೆಟ್ಟಿಲ ಮಾಡಿದಾವನ ಹೆಸರು ಎಲ್ಲೈತಿ ಮಾವಾ?"

ಮಾವ ಹುಡುಕಿದ. ಸಿಗಲಿಲ್ಲ. ಅವಳ ಮುಖ ನೋಡಿದ. ಹಣ ಪಡೆದವರ ಮುಖದಲ್ಲಿಯೂ ಹೆಸರು ಪಡೆದವರ ಮುಖದಲ್ಲಿಯೂ ಅವನು ಅಂಥ ಬೆಳಕನ್ನು ಕಂಡಿರಲಿಲ್ಲ. ಆ ದಿನ ಅವನು ಸೊಕ್ಕು ಎಂಬ ಮಾತು ಆಡಲಿಲ್ಲ. ಎರಡನೆಯ ಸಲ ರೊಟ್ಟಿ ಹಾಕಿಸಿಕೊಂಡು ಉಂಡ. ಹುಬ್ಬಳ್ಳಿಗೆ ಮರಳಿದ ಮೇಲೆ ಅಂಗಡಿಗೆ ಬಂದವರಿಗೆಲ್ಲ, ಇವಳು ನನ್ನ ಸೊಸೆ ಎಂದು ಅವಳ ಭಾವಚಿತ್ರ ತೋರಿಸಿದ.

ಗುರುಗಳು ಕತೆಯನ್ನು ನಿಲ್ಲಿಸಿದರು.

ಮರುಳಸಿದ್ಧನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಹತ್ತು ಜನರಿಗೆ ದಾರಿಯಾಗುವ ಹೆಮ್ಮೆಯನ್ನು ಬಿಡಬಾರದು. ಇಂಥವಳು ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದ್ದಾಳೆಂದರೆ ನಮಗೂ ಹೆಮ್ಮೆ. ಬರುವ ಹುಣ್ಣಿಮೆಯ ಸಭೆಗೆ ಅವಳನ್ನು ಕರೆಸೋಣ. ಮಠದ ಒಳಗೆ, ನಿಮ್ಮ ಪಕ್ಕದಲ್ಲಿ ಕೂರಿಸಿ ಶಾಲು ಹೊದಿಸೋಣ."

ಗುರುಗಳು ಹೆಬ್ಬಾಗಿಲಿನ ಕಡೆ ಕೈ ತೋರಿಸಿದರು. ಅಂಗಳದಿಂದ ಹೊಸ್ತಿಲವರೆಗೆ ಎತ್ತರವಾದ ಕಲ್ಲಿನ ಮೆಟ್ಟಿಲುಗಳಿದ್ದವು.

"ಕರೆಸೋಣ ಮರುಳಸಿದ್ಧ; ಇಲ್ಲಿಂದ ಅವಳನ್ನು ಒಳಗೆ ಎತ್ತಿಕೊಂಡು ಬರುವವರು ಯಾರು?"