ದರ್ಜಿಯ ಸಿಂಥಸೈಜರ್, ಗಡಿಯಾರದವನ ಸಿಂಥಸೈಜರ್

"ಅಕ್ಕೋರೆ, ಈ ಎರಡು ಸಿಂಥಸೈಜರ್ ಒಳಗ ಯಾವುದು ಮೇಲು? ನೀವ ಹೇಳಿಬಿಡ್ರಿ. ನೀವು ಹೇಳಿದ್ದನ್ನ ಮನಿಗೆ ಹೋಗಿ ಹೇಳತೀನಿ, ಅಲ್ಲಿಗೆ ಮುಗೀತು."

ಹೀಗೆ ಕೇಳಿದವನು ಶಿವಯೋಗಿ. ಅವನೂ ಅವನ ಹೆಂಡತಿ ದಾನೇಶ್ವರಿಯೂ ಅಕ್ಕೋರ ಬಳಿಯೇ ಎಲೆಕ್ಟ್ರಾನಿಕ್ ಸಂಗೀತ ಕಲಿತವರು. ಇಬ್ಬರೂ ಕೂಡಿ ನೃತ್ಯ ತಂಡಗಳಿಗೆ ಸಂಗೀತ ಮಾಡಿಕೊಡುತ್ತಿದ್ದರು. ಕೀ ಒತ್ತಿದರೆ ಬಗೆಬಗೆಯ ದನಿ ಹೊರಡಿಸುವ ಇಂಥ ಎರಡು ಯಂತ್ರಗಳು ಮಾರುಕಟ್ಟೆಗೆ ಹೊಸದಾಗಿ ಬಂದಿದ್ದವು, ಅವುಗಳಲ್ಲಿ ಒಂದನ್ನು ಕೊಳ್ಳಬೇಕಿತ್ತು. ಅವನು ಒಂದನ್ನು ಹಿಡಿದು ಕೂತಿದ್ದ, ಅವಳು ಇನ್ನೊಂದನ್ನು. ಮಾತಿಗೆ ಮಾತು ಬೆಳೆದು, ಇನ್ನು ಮೇಲೆ ಕೂಡಿ ಕೆಲಸ ಮಾಡುವುದೇ ಬೇಡ ಎನ್ನುವವರೆಗೆ ಬಂದಿತ್ತು.

ಶಿವಯೋಗಿ ತನ್ನ ಯಂತ್ರದ ಗುಣಗಳನ್ನು ಒಂದೊಂದಾಗಿ ಹೇಳಿದ. ಅಕ್ಕೋರು ಎಲ್ಲವನ್ನೂ ಕೇಳಿದರು.

"ಕುಂಡ್ರು," ಎಂದರು. "ಒಂದು ಕತಿ ಹೇಳತೀನಿ."

ಒಬ್ಬ ದರ್ಜಿ ಇದ್ದ. ಅವನಿಗೊಬ್ಬ ಗೆಳೆಯ, ಗಡಿಯಾರ ರಿಪೇರಿ ಮಾಡುವವನು. ಹಗಲು ಅವನು ಹೊಲಿಯುತ್ತಿದ್ದ, ಇವನು ಗಡಿಯಾರ ಬಿಚ್ಚಿ ಕೂರುತ್ತಿದ್ದ. ಸಂಜೆಯಾದರೆ ಇಬ್ಬರೂ ಒಂದೇ ಸಿಂಥಸೈಜರಿನ ಮುಂದೆ. ಕೀ ಒತ್ತುವವನು ದರ್ಜಿ. ತಿರುಪು ತಿರುವಿ ದನಿಯನ್ನು ಹದ ಮಾಡುವವನು ಗಡಿಯಾರದವ. ಊರಿನಲ್ಲಿ ಅವರ ಹೆಸರನ್ನು ಕೂಡಿಸಿಯೇ ಹೇಳುತ್ತಿದ್ದರು. ಒಬ್ಬನೇ ಎದುರಿಗೆ ಸಿಕ್ಕರೆ, ಇನ್ನೊಬ್ಬನಿಗೆ ಜ್ವರ ಬಂತೇನು ಎಂದು ಕೇಳುತ್ತಿದ್ದರು.

ಆ ಯಂತ್ರ ಹಳೆಯದಾಗಿ ಕೆಟ್ಟಿತು. ಇಬ್ಬರೂ ಕೂಡಿದರೆ ಹೊಸದೊಂದು ಬರುತ್ತಿತ್ತು, ಎರಡು ಬರುತ್ತಿರಲಿಲ್ಲ. ಒಬ್ಬ ವ್ಯಾಪಾರಿಯ ಅಂಗಡಿಗೆ ಹೋದರು. ಅಲ್ಲಿ ಆಗ ತಾನೇ ಬಂದ ಎರಡು ಸಿಂಥಸೈಜರ್ ಇದ್ದವು. ಒಂದು, ಒಮ್ಮೆಗೆ ನಾಲ್ಕೇ ಸ್ವರ ನುಡಿಯುವಂಥದು. ಮೈತುಂಬ ತಿರುಪುಗಳು. ಇವತ್ತು ಹದ ಮಾಡಿದ ದನಿಯನ್ನು ಅದು ನಾಳೆಗೆ ನೆನಪಿಡುವುದಿಲ್ಲ. ಇನ್ನೊಂದರಲ್ಲಿ ಹತ್ತು ಬೆರಳಿಟ್ಟರೆ ಹತ್ತೂ ಸ್ವರ ನುಡಿಯುತ್ತವೆ. ನೂರಾರು ದನಿ ಅದರ ನೆನಪಿನಲ್ಲಿ ಇರುತ್ತವೆ. ದರ್ಜಿಯ ಮನಸ್ಸು ಮೊದಲನೆಯದರ ಮೇಲೆ ಕೂತಿತು. ಗಡಿಯಾರದವನ ಮನಸ್ಸು ಎರಡನೆಯದನ್ನು ಬಿಟ್ಟು ಏಳಲಿಲ್ಲ.

ದರ್ಜಿ ತನ್ನದನ್ನು ನುಡಿಸಿ ತೋರಿಸಿದ. ನುಡಿಸುತ್ತ ವಾಲ್ಯೂಮನ್ನು ತುಸು ಏರಿಸಿದ. ಅಂಗಡಿಯಲ್ಲಿದ್ದ ಗಿರಾಕಿಗಳು, ಇದೇ ಚೆನ್ನ ಎಂದರು. ಗಡಿಯಾರದವ ತನ್ನದನ್ನು ನುಡಿಸಿದ. ಅವನು ಅದಕ್ಕಿಂತ ತುಸು ಏರಿಸಿದ. ಅದೇ ಗಿರಾಕಿಗಳು, ಅಲ್ಲ, ಇದೇ ಚೆನ್ನ ಎಂದರು. ಎರಡರಲ್ಲಿ ಜೋರಾಗಿದ್ದದ್ದು ಕಿವಿಗೆ ಮೇಲಾಗಿ ಕೇಳುತ್ತದೆ. ಅದು ಕಿವಿಯ ಸ್ವಭಾವ. ಗೆಳೆಯರು ಮೋಸಕ್ಕೆಂದು ಏರಿಸಿದ್ದಲ್ಲ. ತನಗೆ ಹಿಡಿಸಿದ್ದನ್ನು ಇನ್ನೊಬ್ಬರಿಗೆ ತೋರಿಸುವಾಗ ಕೈ ತಾನಾಗಿ ಆ ತಿರುಪಿಗೆ ಹೋಗುತ್ತದೆ.

ಮರುದಿನ ಬಂದು ಮತ್ತೆ ನುಡಿಸಿದರು. ಅದರ ಮರುದಿನವೂ ಬಂದರು. ದಿನಕ್ಕಿಷ್ಟು ದನಿ ಏರಿತು. ಕಡೆಗೆ ಪಕ್ಕದ ಬಟ್ಟೆ ಅಂಗಡಿಯವನು ಓಡಿ ಬಂದ.

"ಎರಡೂ ಚೊಲೋ ಅದಾವ್ರಪ್ಪಾ! ನಾ ಬರದು ಕೊಡತೀನಿ ಬೇಕಾದರ! ಗಿರಾಕಿ ಸೀರಿ ಕೇಳಿದರ ನಾ ಚಾದರ ಇಳಸಾಕತ್ತೀನಿ. ಬಂದ್ ಮಾಡ್ರಿನ್ನ!"

ಅವನು ಹೋದ ಮೇಲೆ ಗೆಳೆಯರು ಒಬ್ಬರ ಮೇಲೊಬ್ಬರು ತಿರುಗಿದರು.

"ಹೊಲಿಗಿ ಮಶೀನಿನ ಸಪ್ಪಳ ನಿನ್ನ ಕಿವ್ಯಾಗ ಹೊಕ್ಕು ಕೂತೇತಿ," ಎಂದ ಗಡಿಯಾರದವ. "ನಿನಗ ಇನ್ನೇನು ಕೇಳಿಸೀತು?"

"ಹಂಗಾರ ನಾ ನುಡಸೋದಕ್ಕ ನೀ ಬ್ಯಾಡ," ಎಂದ ದರ್ಜಿ. "ನೀ ನಿನ್ನ ದಾರಿ ನೋಡಿಕೋ."

ಇಷ್ಟು ವರ್ಷದಲ್ಲಿ ಅವರು ಬೈದಾಡಿದ್ದುಂಟು, ಮುನಿಸಿಕೊಂಡದ್ದುಂಟು. ಈ ಮಾತನ್ನು ಆಡಿದ್ದಿಲ್ಲ. ಆಡಿದ ದರ್ಜಿಯ ಮುಖವೇ ಸಣ್ಣದಾಯಿತು. ಆದರೂ ಅವನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಡಿಯಾರದವ ಚಪ್ಪಲಿ ಹುಡುಕತೊಡಗಿದ.

ವ್ಯಾಪಾರಿಗೆ ಇವರಿಬ್ಬರ ಮೇಲೆ ಜೀವ. ಅವರು ಬೇರೆಯಾದರೆ ತನಗೊಂದು ಸಂಗೀತ ಕಡಿಮೆಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ನಾಳೆ ಇನ್ನೊಂದು ಸಲ ಬಂದು ಹೋಗ್ರಿ," ಎಂದ. "ನೀವು ನುಡಸೂದು ಬ್ಯಾಡ. ನಾ ನುಡಸತೀನಿ. ನೀವು ಬರೇ ಕೇಳ್ರಿ."

ಮರುದಿನ ಇಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದ. ಎರಡು ಯಂತ್ರಗಳನ್ನೂ ಒಂದೇ ಸ್ಪೀಕರಿಗೆ ಜೋಡಿಸಿದ. ದನಿ ಎಷ್ಟು ಜೋರಿದೆ ಎಂದು ತೋರಿಸುವ ಹಸಿರು ದೀಪಗಳು ಎರಡಕ್ಕೂ ಒಂದೇ ಮಟ್ಟದಲ್ಲಿ ಹತ್ತುವವರೆಗೆ ವಾಲ್ಯೂಮನ್ನು ಹೊಂದಿಸಿದ. ಮೊದಲು ಒಂದು ಯಂತ್ರದಲ್ಲಿ ರಾಗದ ತುಣುಕೊಂದನ್ನು ನುಡಿಸಿದ. ಅದೇ ತುಣುಕನ್ನು ಇನ್ನೊಂದರಲ್ಲಿ ನುಡಿಸಿದ.

"ಮೊದಲಿಂದು ಇನ್ನೊಮ್ಮೆ," ಎಂದ ಗಡಿಯಾರದವ.

ವ್ಯಾಪಾರಿ ನುಡಿಸಿದ.

"ಈ ತಗ್ಗಿನ ಸ್ವರ..." ಗಡಿಯಾರದವ ಗೋಡೆಗೇ ಹೇಳಿದ. "ಕೌದಿ ಹೊದ್ದಂಗ ಐತಲ್ಲೋ! ಇದು ಯಾವುದು?"

"ನಂದು," ಎಂದ ದರ್ಜಿ. "ದಿನಾ ಅದನ್ನ ಹೇಳಾಕತ್ತಿದ್ದೆ."

"ಎಲ್ಲಿ ಹೇಳಿದೆಲೇ? ನೀ ಒದರಿದ್ದಷ್ಟ ಕೇಳಿಸ್ತು ನನಗ."

ವ್ಯಾಪಾರಿ ಆಗಲೇ ಇನ್ನೊಂದನ್ನು ಮತ್ತೆ ನುಡಿಸಿದ್ದ. ಕೈ ಎತ್ತಿದ ಮೇಲೂ ಮೇಲಿನ ಸ್ವರದ ಕೊನೆ ಸಣ್ಣಗೆ ನಡುಗುತ್ತ ಉಳಿದಿತ್ತು, ಹೋಗಲೋ ಬೇಡವೋ ಎನ್ನುವ ಹಾಗೆ. ದರ್ಜಿ ಇಷ್ಟು ದಿನ ಆ ನಡುಕ ಇನ್ನೂ ಇರುವಾಗಲೇ ತನ್ನದನ್ನು ನುಡಿಸಲು ಶುರುಮಾಡಿಬಿಡುತ್ತಿದ್ದ.

"ಇದಕ್ಕೇನು ನೀ ಹಟ ಹಿಡದಿದ್ದು?" ಎಂದು ಕೇಳಿದ.

"ಹೂಂ."

"ಹುಚ್ಚಾ. ಇಂಥಾದ್ದನ್ನ ಸಾವಕಾಶ ಕೇಳಸಬೇಕಪ್ಪ."

ಗೋಡೆಯ ಕಡೆಯಿಂದ ಇಬ್ಬರೂ ಇತ್ತ ತಿರುಗಲಿಲ್ಲ. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ವ್ಯಾಪಾರಿಯ ಬೆರಳು ನೋಯುವವರೆಗೆ ಕೇಳಿದರು. ಆಮೇಲೆ ಮಾತಿಗೆ ಕೂತರು. ತಗ್ಗಿನ ಸ್ವರದ ಬಗ್ಗೆ ಗಡಿಯಾರದವನೇ ಹೆಚ್ಚು ಮಾತಾಡಿದ. ದರ್ಜಿ ನಡುನಡುವೆ, ನೀ ಸುಮ್ಮನಿರು, ನಿಂದೂ ಏನು ಕಡಿಮಿ ಇಲ್ಲ ಎನ್ನುತ್ತಿದ್ದ. ವ್ಯಾಪಾರಿ ಚಹಾ ತರಿಸಿದ. ಹೊತ್ತು ಮುಳುಗುವ ಮುಂಚೆ ಒಂದು ಯಂತ್ರವನ್ನು ಕಟ್ಟಿಸಿಕೊಂಡು, ಆಚೆಯ ತುದಿ ಒಬ್ಬ, ಈಚೆಯ ತುದಿ ಒಬ್ಬ ಹಿಡಿದು ಮನೆಗೆ ಒಯ್ದರು.

ಅಕ್ಕೋರು ಇಷ್ಟಕ್ಕೆ ಕತೆ ನಿಲ್ಲಿಸಿದರು.

"ಯಾವುದನ್ನ ಒಯ್ದರ್ರಿ, ಅಕ್ಕೋರೆ?" ಶಿವಯೋಗಿ ಮುಂದಕ್ಕೆ ಸರಿದ. "ನಾಲ್ಕು ಸ್ವರದ್ದ ಇರಬೇಕು, ಹೌದಲ್ಲರಿ? ನಾ ಆರಿಸಿದ್ದೂ ಹಂಥಾದ್ದ ಐತ್ರಿ. ಅದರ ತಿರುಪು ಹೆಂಗದಾವ ಅಂದರ..."

ಅಕ್ಕೋರು ಅವನ ಕೈಮೇಲೆ ಕೈ ಇಟ್ಟರು.

"ನಿಂದು ಕೇಳಿದೆನಪ್ಪಾ. ಇನ್ನ ದಾನೇಶ್ವರಿಗೆ ತನ್ನದರೊಳಗ ಏನು ಕೇಳಿಸೇತಿ, ಅದನ್ನ ಹೇಳು."